ಬದನೆ ಹೂವಿನ ಬಣ್ಣದ ಗುಲಾಬಿ

ನನ್ನ ಹೆಂಡತಿ ಮಮತಾ ತೀರಿಕೊಂಡ ಹದಿಮೂರನೆಯ ದಿನ ನಾನು ಕೆಲಸಕ್ಕೆ ಹಾಜರಾದೆ. ಕಂಬ ಹತ್ತಿದೆ, ಇಳಿದೆ, ಮಧ್ಯಾಹ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆ. ಜೊತೆಯವರು ಕದ್ದು ಕದ್ದು ನನ್ನ ಮುಖ ನೋಡುತ್ತಿದ್ದರು. ಇವನು ಯಾವಾಗ ಅಳುತ್ತಾನೆ, ಅತ್ತರೆ ಯಾರು ಹಿಡಿದುಕೊಳ್ಳಬೇಕು ಎಂದು ಅವರವರಲ್ಲೇ ಮಾತಾಗಿತ್ತೇನೋ. ನಾನು ಅಳಲಿಲ್ಲ. ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಅಳು ಬರಲಿಲ್ಲ ಅಷ್ಟೆ.

ನಾನು ಚಿತ್ರದುರ್ಗದಲ್ಲಿ ಲೈನ್‌ಮನ್. ಇಪ್ಪತ್ತಾರು ವರ್ಷದ ಸರ್ವಿಸು. ರಿಪೇರಿಗೆ ಮೊದಲು ಲೈನ್ ಆಫ್ ಮಾಡಿಸಿ, ತಂತಿಯಲ್ಲಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೈ ಹಾಕುವುದು ನಮ್ಮ ರೂಢಿ. ಆ ವರ್ಷವೆಲ್ಲ ನಾನು ಆಫ್ ಮಾಡಿದ ತಂತಿಯ ಹಾಗೇ ಇದ್ದೆ. ಸಮಾಧಾನ ಹೇಳಲು ಬಂದವರು ಭುಜ ಹಿಡಿದು ಅಲ್ಲಾಡಿಸಿದರು, 'ಅತ್ತುಬಿಡು ರಂಗೇಶ, ಹಗುರ ಆಗುತ್ತೆ' ಎಂದರು. ಭೇದಿಗೆ ಔಷಧಿ ಹೇಳುವವರ ಹಾಗೆ ಹೇಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಸಹ ಬರಲಿಲ್ಲ. ಟೀ ಕುಡೀರಿ ಎಂದೆ.

ಮಮತಾ ತುರುವನೂರು ಕಡೆಯ ಒಂದು ಶಾಲೆಯಲ್ಲಿ ಮೇಡಂ. ಕಾರ್ತೀಕದ ಒಂದು ಗುರುವಾರ ಬೋರ್ಡಿನ ಮೇಲೆ ದಿನಾಂಕ ಬರೆದವಳು, ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಬಂದಾಗ ನಾನು ಕಂಬದ ಮೇಲಿದ್ದೆ. ಕೆಳಗಿನಿಂದ ಇಳಿ ಇಳಿ ಎಂದರು. ಇಳಿದೆ. ಅಂದಿನಿಂದ ನಾನು ಬರೀ ಅವರಿವರು ಹೇಳಿದ್ದನ್ನು ಮಾಡುತ್ತಾ ಬಂದೆ.

ಅವಳು ಹೋಗುವ ವರ್ಷ ಸಂಕ್ರಾಂತಿ ಮಾರನೆ ದಿನ ನಾವಿಬ್ಬರೂ ಹೊಳಲ್ಕೆರೆ ರಸ್ತೆಯ ಒಂದು ನರ್ಸರಿಗೆ ಹೋಗಿದ್ದೆವು. ನನಗೆ ಒಂದು ಕರಿಬೇವಿನ ಸಸಿ ಸಾಕಾಗಿತ್ತು. ಅವಳು ಮೂಲೆಯಲ್ಲಿದ್ದ ಒಂದು ಗುಲಾಬಿ ಗಿಡದ ಮುಂದೆ ನಿಂತವಳು ಅಲ್ಲಾಡಲಿಲ್ಲ. ಅದರ ಕೊರಳಿಗೆ ಕಟ್ಟಿದ್ದ ಚಿತ್ರದಲ್ಲಿ ತೆಳು ನೇರಳೆ ಬಣ್ಣದ ಒಂದು ಹೂವಿತ್ತು. ನರ್ಸರಿಯ ಯೋಗೇಶ್ ಕೈ ಒರೆಸಿಕೊಳ್ಳುತ್ತಾ ಬಂದ.

"ಒಂದೇ ಗಿಡ ಬಂದಿರಾದು ಮೇಡಂ. ಕಡ್ಡಿಗೊಂದೇ ಹೂವು, ಅಂಗೈ ಅಗಲ. ವಾಸ್ನೆ ಅಂದ್ರೆ ಮನಿಯೆಲ್ಲ ಘಮ್ ಅಂತೈತೆ. ಆದ್ರೆ ನಮ್ಮ ದುರ್ಗದ ಬಿಸ್ಲಿಗೆ ನಾಜೂಕು."

"ನಾನು ನೋಡ್ಕತೀನಿ, ಕೊಡಪ್ಪ," ಎಂದಳು.

"ಮೊದ್ಲ ವರ್ಷ ಹೂವಿನ ಆಸೆ ಮಾತ್ರ ಮಾಡ್ಬ್ಯಾಡ್ರಿ. ಮೊಗ್ಗು ಬಂದಂಗೆಲ್ಲ ಚಿವುಟಿ ಹಾಕ್ರಿ. ಮೊದ್ಲು ಬೇರು ಇಳೀಲಿ."

ಹಳ್ಳಿಯಿಂದ ಬಂದಿದ್ದ ನಮ್ಮಮ್ಮ ಬರಗೇರಮ್ಮ ಆ ಚಿತ್ರ ನೋಡಿ ಮೂಗು ಮುರಿದಳು. "ಇದ್ಯಾವ ಗುಲಾಬಿಯೇ ತಾಯಿ, ಬದ್ನೆ ಹೂವಿನ ಬಣ್ಣ ಐತೆ." ಅಂದಿನಿಂದ ನಮ್ಮ ಮನೆಯಲ್ಲಿ ಅದು ಬದನೆ ಗಿಡ.

ಮಮತಾ ಒಮ್ಮೆ ಒಪ್ಪಿಕೊಂಡರೆ ಒಪ್ಪಿಕೊಂಡಂತೆ. ಮಾರ್ಚಿನಿಂದ ಕಾರ್ತೀಕದವರೆಗೆ ಆ ಗಿಡದಲ್ಲಿ ಒಂದೇ ಒಂದು ಹೂವು ಅರಳಲು ಬಿಡಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಅಂಗಳಕ್ಕೆ ಹೋಗುವುದು, ತುದಿಯಲ್ಲಿ ಬಣ್ಣ ಇಣುಕಿದ ಮೊಗ್ಗಿದ್ದರೆ ಉಗುರಿನಿಂದ ಚಿವುಟುವುದು, ಅದನ್ನು ಬೆರಳಲ್ಲಿ ಹೊಸಕುತ್ತಾ ಅಡುಗೆಮನೆಗೆ ಬಂದು ಟೀ ಇಡುವುದು. ಎಷ್ಟೋ ಸಲ ಅಂಗಳದಿಂದಲೇ ಕರೆಯುತ್ತಿದ್ದಳು. "ರೀ, ಒಂದು ನಿಮಿಷ ಬರ್ರಿ ಇಲ್ಲಿ." ನಾನು ಆ ಹೊತ್ತಿಗೆ ಫೋನಿನಲ್ಲಿ ಇರುತ್ತಿದ್ದೆ. ಎಲ್ಲೋ ಫ್ಯೂಸ್ ಹೋಗಿರುತ್ತಿತ್ತು, ಎಲ್ಲೋ ಮರ ಬಿದ್ದಿರುತ್ತಿತ್ತು. "ಅರಳ್ಲಿ ಬಿಡೇ, ಆಮೇಲೆ ನೋಡಣ," ಎನ್ನುತ್ತಿದ್ದೆ. ಅವಳು ಮತ್ತೆ ಕರೆಯುತ್ತಿರಲಿಲ್ಲ.

ಇನ್ನೊಂದು ವಿಷಯ. ಆ ವರ್ಷ ಅವಳ ಕೈಗೆ ಒಂದು ವಾಸನೆ ಇತ್ತು. ಟೀ ಲೋಟ ಕೊಡುವಾಗ, ಜ್ವರ ನೋಡಲು ಹಣೆ ಮುಟ್ಟುವಾಗ ನಿಂಬೆ ಸಿಪ್ಪೆ ಹಿಂಡಿದ ಹಾಗೆ ಮೊದಲು ಮೂಗಿಗೆ ಹತ್ತಿ, ಹಿಂದಿನಿಂದ ಇನ್ನೇನೋ ಸಿಹಿಯಾಗಿ ಬರುತ್ತಿತ್ತು. ಒಂದು ದಿನ ಕೇಳಿದ್ದೆ, "ಹೊಸ ಸೋಪಾ?" ಎಂದು. ಅವಳು ನಕ್ಕು, "ಹೂಂ, ಸೋಪೇ ಅಂದ್ಕಳ್ರಿ," ಎಂದಳು. ನಾನು ಅಂದುಕೊಂಡೆ. ಅವಳು ಹೋದ ಮೂರನೆ ತಿಂಗಳು ಒಂದು ಭಾನುವಾರ ಬಚ್ಚಲುಮನೆಯ ಸೋಪುಗಳನ್ನೆಲ್ಲ ಮೂಸಿದೆ. ಅವಳ ಪೌಡರು, ತಲೆಯೆಣ್ಣೆ, ಬೀರುವಿನಲ್ಲಿ ಹೊಸದಾಗಿಯೇ ಉಳಿದಿದ್ದ ಕ್ರೀಮು, ಎಲ್ಲವನ್ನೂ ಬಿಚ್ಚಿ ನೋಡಿದೆ. ಯಾವುದರಲ್ಲೂ ಇರಲಿಲ್ಲ. ಎಲ್ಲವನ್ನೂ ಮೊದಲಿದ್ದಲ್ಲೇ ಇಟ್ಟು ಊಟಕ್ಕೆ ಕೂತೆ.

ಅವಳು ಹೋದ ಮೇಲೆ ಅಮ್ಮ ನಮ್ಮ ಮನೆಗೆ ಬಂದು ಉಳಿದಳು. ಹಳ್ಳಿಯಲ್ಲಿ ನಮ್ಮಣ್ಣ ಸಣ್ಣಪ್ಪನ ಕುರಿ ಹಟ್ಟಿ ನೋಡಿಕೊಂಡು ಹಾಯಾಗಿದ್ದವಳು ನನ್ನ ಅಡುಗೆಗೋಸ್ಕರ ಬಂದಳು. ಮಗಳು ಸುಪ್ರಿಯಾ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಗಿಡದ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಲೆ ಉದುರಿ ಮುಳ್ಳಿನ ಕಡ್ಡಿಯಾಗಿ ನಿಂತಿತ್ತು. ಅಮ್ಮ ಅಕ್ಕಿ ತೊಳೆದ ನೀರು ಚೆಲ್ಲುತ್ತಿದ್ದಳಲ್ಲ, ಅದರಲ್ಲೇ ಜೀವ ಹಿಡಿದಿತ್ತು.

ಯುಗಾದಿಗೆ ಸುಪ್ರಿಯಾ ಬಂದಾಗ ವರ್ಷದ ಎಡೆಯ ಮಾತು ಬಂತು. ನಮ್ಮ ಮನೆತನದಲ್ಲಿ ಅದಕ್ಕೊಂದು ಕಟ್ಟಳೆ ಇದೆ. ಹೋದವರಿಗೆ ಇಷ್ಟವಾದದ್ದನ್ನು ಇಡುವುದು ಎಲ್ಲರಲ್ಲೂ ಇದ್ದದ್ದೇ. ನಮ್ಮಲ್ಲಿ ಅದರ ಜೊತೆಗೆ, ಅವರು ಆಸೆಪಟ್ಟು ಕಾಣದೆ ಹೋದದ್ದು ಒಂದನ್ನು ಇಡಬೇಕು. ನಮ್ಮಪ್ಪ ಕುರಿ ಹೊಡೆದುಕೊಂಡು ನಾಡೆಲ್ಲ ತಿರುಗಿದವನು, ರೈಲು ಹತ್ತಿರಲಿಲ್ಲ. ಅವನ ಎಡೆಗೆ ಸಣ್ಣಪ್ಪಣ್ಣ ಹೊಳಲ್ಕೆರೆ ಸ್ಟೇಷನ್ನಿಗೆ ಹೋಗಿ ಚಿಕ್ಕಜಾಜೂರಿಗೆ ಒಂದು ಟಿಕೆಟ್ ತಂದು ಬಾಳೆಲೆಯ ಮೇಲೆ ಇಟ್ಟಿದ್ದ.

"ನಿಮ್ಮವ್ವ ಏನು ಕಾಣದಂಗೆ ಹೋದ್ಲು, ನೆನಪು ಮಾಡ್ಕಳ್ರಿ," ಎಂದಳು ಅಮ್ಮ.

ಸುಪ್ರಿಯಾ ತಡಮಾಡದೆ ಹೇಳಿದಳು. "ಅದೇ ಅಜ್ಜಿ, ಆ ಗುಲಾಬಿ. ಒಂದ್ಸಲನೂ ಅರಳಿದ್ದು ನೋಡ್ಲಿಲ್ಲ."

ಅಲ್ಲಿಗೆ ಅದು ತೀರ್ಮಾನವಾಯಿತು. ಆ ಕೆಲಸ ನಾನೇ ಮೈಮೇಲೆ ಎಳೆದುಕೊಂಡೆ. ಭಕ್ತಿಯಿಂದಲ್ಲ, ನಿಜ ಹೇಳುತ್ತೇನೆ, ಹೆದರಿಕೆಯಿಂದ. ಮೂವತ್ತು ವರ್ಷದ ಹತ್ತಿರ ಜೊತೆಗಿದ್ದ ಹೆಂಡತಿ ಹೋದರೆ ಒಂದು ಹನಿ ಕಣ್ಣೀರು ಬರದವನು ಎಂಥ ಮನುಷ್ಯ ಎಂದು ನಾನೇ ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಆ ಹೂವನ್ನು ಅವಳ ಸಮಾಧಿಯ ಮೇಲೆ ಇಟ್ಟರೆ ಒಳಗೆ ಏನಾದರೂ ಅಲ್ಲಾಡಬಹುದು. ಇಡಲಾಗದಿದ್ದರೆ ನಾನು ಕೊನೆತನಕ ಹೀಗೇ ಉಳಿಯುತ್ತೇನೆ. ಹಾಗೆ ನಂಬಿಬಿಟ್ಟಿದ್ದೆ.

ಬೆಳಿಗ್ಗೆ ಸಂಜೆ ನೀರು ಹಾಕಿದೆ. ಮಧ್ಯಾಹ್ನದ ಬಿಸಿಲಿಗೆ ಹಳೆ ಸೀರೆ ಕಟ್ಟಿ ನೆರಳು ಮಾಡಿದೆ. ಮೇ ಮುಗಿಯುವಷ್ಟರಲ್ಲಿ ಕೆಂಪು ಚಿಗುರು ಬಂತು. ಎಲೆ ಬಲಿತವು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದಕ್ಕೆ ಕಸುವು ಸಾಲ್ದು. ಹಟ್ಟಿ ಗೊಬ್ರ ತರ್ಸಾಣ," ಎಂದಳು.

ನಾವು ಕುರಿ ಸಾಕಿದ ಜನ. ಕುರಿ ಹಿಕ್ಕೆಯ ಮೇಲೆ ನಮಗಿರುವ ನಂಬಿಕೆ ಹಾಲುರಾಮೇಶ್ವರನ ಮೇಲೂ ಇಲ್ಲ. ಈರುಳ್ಳಿಗೆ ಅದೇ, ಮೆಣಸಿನಕಾಯಿಗೆ ಅದೇ, ತೆಂಗಿಗೆ ಅದೇ. ನಮ್ಮ ಕುರಿ ಮಂದೆ ಒಂದು ವಾರ ತಂಗಲಿ ಎಂದು ಹೊಲದವರು ನಮ್ಮಪ್ಪನಿಗೆ ಕೈ ಮುಗಿಯುತ್ತಿದ್ದರು. ಸಣ್ಣಪ್ಪಣ್ಣ ಎರಡು ಚೀಲ ತಂದ. ಹಿಂದಿನ ದಿನ ತಾನೇ ಹಟ್ಟಿ ಗುಡಿಸಿದ್ದು. ಉಚ್ಚೆಯಲ್ಲಿ ನೆನೆದು ಹಬೆಯಾಡುತ್ತಿತ್ತು, ಕೈ ಹಾಕಿದರೆ ಬಿಸಿ ಹತ್ತುತ್ತಿತ್ತು.

"ಇದು ಒಲ್ಲೆ ಅನ್ನೋ ಗಿಡ ಭೂಮಿ ಮ್ಯಾಲೆ ಹುಟ್ಟಿಲ್ಲ ಕಣೋ ರಂಗ," ಎಂದ ಅಣ್ಣ. ಮೂವರೂ ಸೇರಿ ಬುಡ ಕಾಣದ ಹಾಗೆ ಒಟ್ಟಿದೆವು. ಅಮ್ಮ ಮೇಲೊಂದು ಬಿಂದಿಗೆ ನೀರು ಸುರಿದಳು.

ಹತ್ತು ದಿನಕ್ಕೆ ಎಲೆಗಳ ಅಂಚು ಸುಟ್ಟುಹೋಯಿತು. ಹದಿನೈದಕ್ಕೆ ತುದಿಯಿಂದ ಕಡ್ಡಿ ಕಪ್ಪಾಗುತ್ತಾ ಇಳಿಯಿತು. ನಾವು ನೀರು ಸಾಲದು ಎಂದುಕೊಂಡು ಇನ್ನಷ್ಟು ಸುರಿದೆವು. ತಿಂಗಳಿಗೆ ಮೊಣಕಾಲೆತ್ತರದ ಗಿಡ ಗೇಣುದ್ದದ ಕರಿ ಮೋಟಾಗಿ ನಿಂತಿತು. ಅಮ್ಮ ಅದರ ಮುಂದೆ ಕೂತು ತಲೆಮೇಲೆ ಕೈ ಹೊತ್ತಳು. ನನಗೆ ಏನೂ ಅನ್ನಿಸಲಿಲ್ಲ. ನನಗೆ ಏನೂ ಅನ್ನಿಸಲಿಲ್ಲವಲ್ಲ ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಆಮೇಲೆ, ಆಷಾಢದ ಗಾಳಿಯಲ್ಲಿ, ಬುಡದ ಮಣ್ಣು ಸೀಳಿಕೊಂಡು ಒಂದು ಚಿಗುರು ಬಂತು. ಮೊಳಕೆಯೋ ಹಾವಿನ ಮರಿಯೋ ಅನ್ನುವಂತೆ ದಪ್ಪಗೆ, ಹಸಿರಾಗಿ, ದಿನಕ್ಕೆರಡು ಬೆರಳು ಬೆಳೆಯಿತು. ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಸಣ್ಣಪ್ಪಣ್ಣ ಫೋನಿನಲ್ಲಿ, "ನಾನು ಹೇಳ್ಲಿಲ್ಲೇನೋ? ಗೊಬ್ರ ಈಗ ಹಿಡೀತು," ಎಂದ. ನಾನು ಸರ್ವಿಸ್ ವೈರಿನ ತುಂಡಿನಿಂದ ಅದನ್ನು ಒಂದು ಗಳಕ್ಕೆ ಕಟ್ಟಿದೆ. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲು ಅಲ್ಲಿಗೆ ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ನನ್ನ ತಲೆ ದಾಟಿತು. ಮೊಗ್ಗಿನ ಸುಳಿವಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಟೊಂಗೆ ಮುರಿದುಕೊಂಡು ನರ್ಸರಿಗೆ ಹೋದೆ. ಯೋಗೇಶ್ ಅದನ್ನು ಕೈಗೆ ತೆಗೆದುಕೊಂಡು ಎಲೆ ಎಣಿಸಿದ.

"ಏಳು ಐತಲ್ಲ ಸಾರ್. ಮೇಡಂ ತಗಂಡೋದ ಗಿಡಕ್ಕೆ ಒಂದೊಂದು ಎಲೆ ದಂಟಿಗೆ ಐದೈದೇ ಇರ್ತಿತ್ತು."

"ಬುಡದಿಂದ ಬಂದೈತೆ. ಚೆನ್ನಾಗೇ ಬೆಳೀತೈತೆ."

ಅವನು ಟೊಂಗೆಯನ್ನು ಪಕ್ಕಕ್ಕಿಟ್ಟ. "ಕುಂತ್ಕಳ್ರಿ ಸಾರ್," ಎಂದ. ನಾನು ಕೂತೆ. "ಅದು ಕಸಿ ಗಿಡ. ಕೆಳಗಡೆ ಕಾಡು ಗುಲಾಬಿ ಬೇರು, ಅದರ ಮ್ಯಾಲೆ ಈ ಜಾತಿದು ಕಣ್ಣು ಕೂರ್ಸಿರ್ತಾರೆ. ಕೂಡ್ಸಿದ ಜಾಗ್ದಾಗೆ ಒಂದು ಗಂಟು ಇರ್ತದೆ. ಗಂಟಿನ ಕೆಳಗಿಂದ ಬಂದಿದ್ದೆಲ್ಲ ಕಾಡು ಗಿಡನೇ. ನೀವು ಇಷ್ಟು ದಿನ ಅದನ್ನೇ ಸಾಕೀರಿ. ಅದು ಮ್ಯಾಲಿಂದನ್ನ ಸಾಯಿಸ್ತಿರ್ತದೆ."

ನಾನು ಕೇಳಿದೆ, ಅದೇ ಜಾತಿಯ ಇನ್ನೊಂದು ಗಿಡ ಇದೆಯೇ ಎಂದು. ಅವನು ಇಲ್ಲವೆಂದು ತಲೆಯಾಡಿಸಿದ. ಇಲ್ಲಿಯ ಬಿಸಿಲಿಗೆ ನಿಲ್ಲುವುದಿಲ್ಲವೆಂದು ಯಾರೂ ಕೊಳ್ಳುವುದಿಲ್ಲ, ಆಮೇಲೆ ತರಿಸಿಯೇ ಇಲ್ಲ. ಗೊಬ್ಬರದ ವಿಷಯ ಹೇಳಿದೆ. "ಹಸೀ ಹಿಕ್ಕೇನಾ? ಅದರ ಕಾವಿಗೇ ಬೆಂದೈತೆ," ಎಂದನೇ ಹೊರತು ಬೈಯಲಿಲ್ಲ. ಒಳ್ಳೆಯ ಹುಡುಗ.

ಮನೆಗೆ ಬಂದು ಗೊಬ್ಬರವನ್ನೆಲ್ಲ ಬಗೆದು ತೆಗೆದೆ. ಮಣ್ಣು ಕೆದಕಿ ನೋಡಿದರೆ ಅವನು ಹೇಳಿದಂತೆಯೇ ಮುಷ್ಟಿ ಗಾತ್ರದ ಗಂಟು. ನನ್ನ ಹೆಮ್ಮೆಯ ಟೊಂಗೆ ಅದರ ಕೆಳಗಿನಿಂದ ಹೊರಟಿತ್ತು. ಅದನ್ನು ಬುಡದಿಂದಲೇ ಕಿತ್ತೆ. ಅಮ್ಮ ಬಾಗಿಲಲ್ಲಿ ನಿಂತು, "ಲೇ ರಂಗ, ನಿನಗೆ ತಲೆ ಕೆಟ್ಟೈತೇನೋ, ಬದುಕಿರಾದನ್ನ ಕಿತ್ತು ಸತ್ತಿರಾದನ್ನ ಉಳಿಸ್ಕಂತೀಯಲ್ಲ," ಎಂದಳು. ನನಗೂ ಹಾಗೇ ಕಾಣುತ್ತಿತ್ತು. ಕಪ್ಪು ಮೋಟನ್ನು ಉಗುರಿನಿಂದ ಕೆರೆದೆ. ಗಂಟಿನಿಂದ ಮೇಲೆ ಎರಡು ಬೆರಳಷ್ಟು ಮಾತ್ರ ಒಳಗೆ ಹಸಿರಿತ್ತು.

ಮಹಾನವಮಿಗೆ ನಾಲ್ಕು ದಿನ ಮೊದಲು ಆ ಎರಡು ಬೆರಳಿನಲ್ಲಿ ಒಂದು ಕೆಂಪು ಚುಕ್ಕಿ ಕಂಡಿತು. ಚುಕ್ಕಿ ಕಡ್ಡಿಯಾಯಿತು. ಎಲೆ ಬಂದಾಗ ಎಣಿಸಿದೆ. ಐದು. ಸುಪ್ರಿಯಾಳಿಗೆ ಫೋಟೋ ಕಳಿಸಿದೆ, ಅವಳು ತಿರುಗಿ ಕೈ ಮುಗಿದ ಚಿತ್ರ ಕಳಿಸಿದಳು. ದೀಪಾವಳಿ ಆದ ಮೇಲೆ ತುದಿಯಲ್ಲಿ ಒಂದು ಮೊಗ್ಗು ಕಟ್ಟಿತು. ಒಂದೇ ಕಡ್ಡಿ, ಒಂದೇ ಮೊಗ್ಗು. ಎಡೆಗೆ ಹತ್ತೇ ದಿನ ಉಳಿದಿತ್ತು.

ಆ ಹತ್ತು ದಿನ ಚಳಿ ಬಿತ್ತು. ಮೊಗ್ಗು ಊದಿತು, ಆದರೆ ಬಿಚ್ಚಲಿಲ್ಲ. ಎಡೆಯ ಹಿಂದಿನ ದಿನ ತುದಿಯಲ್ಲಿ ಗೆರೆಯಷ್ಟು ನೇರಳೆ ಕಂಡಿತು. ಇನ್ನು ನಾಲ್ಕು ದಿನ ಸಿಕ್ಕಿದ್ದರೆ ಅರಳುತ್ತಿತ್ತು. ನಾಲ್ಕು ದಿನ ಮುಂದಕ್ಕೆ ಹಾಕೋಣವೇ ಎಂದು ಕೇಳಿದೆ.

"ತಿಥಿ ನಿನ್ನ ಗಿಡನ ಕೇಳಿ ಬರಲ್ಲಪ್ಪ," ಎಂದಳು ಅಮ್ಮ. "ಕಡ್ಡಿ ಸಮೇತ ಕತ್ತರಿಸ್ಕ. ಅಷ್ಟಾದ್ರೂ ಕಾಣ್ಲಿ."

ಯೋಗೇಶನಿಗೆ ಫೋನ್ ಮಾಡಿದೆ. ಅವನು ಹೇಳಿದ, "ಕಡ್ಡಿ ಮುಟ್ಬ್ಯಾಡ್ರಿ ಸಾರ್. ಇರಾದು ಅದೊಂದೇ. ಅದು ಹೋದ್ರೆ ಗಿಡನೇ ಹೋತು. ಬೇಕೇ ಬೇಕು ಅಂದ್ರೆ ಮೊಗ್ಗು ಅಷ್ಟೇ ಚಿವುಟ್ರಿ, ಮೇಡಂ ಮಾಡ್ತಿದ್ದಂಗೆ."

ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಅಂಗಳಕ್ಕೆ ಹೋದೆ. ಅಮ್ಮ, ಸುಪ್ರಿಯಾ ಬುಟ್ಟಿಗೆ ಎಡೆಯ ಸಾಮಾನು ತುಂಬುತ್ತಿದ್ದರು. ಹೋಳಿಗೆ, ಅವರೆಕಾಳು ಸಾರು, ಮಮತಾಳಿಗೆ ಪ್ರಾಣವಾಗಿದ್ದ ಮಂಡಕ್ಕಿ ಮೆಣಸಿನಕಾಯಿ. ನನ್ನ ಕೈಯಲ್ಲಿ ಕತ್ತರಿ ಇತ್ತು. ಕಡ್ಡಿಗೆ ಹಿಡಿದೆ, ಬಿಟ್ಟೆ. ಅವಳು ಒಂಬತ್ತು ತಿಂಗಳು ಬದುಕಿಸಿದ್ದನ್ನು ನಾನು ಒಂದು ಎಲೆಯೂಟದ ಚೆಂದಕ್ಕೆ ಕೊಲ್ಲಲಾರೆ ಅನ್ನಿಸಿತು. ಕತ್ತರಿ ಜೇಬಿಗೆ ಹಾಕಿ, ಹೆಬ್ಬೆರಳಿನ ಉಗುರು ಮೊಗ್ಗಿನ ಕೊರಳಿಗೆ ಕೊಟ್ಟು ಚಿವುಟಿದೆ.

ಮೊಗ್ಗು ಕೈಗೆ ಬಂತು. ಹೊರಗಿನ ಒಂದು ಎಸಳು ಬೆರಳಿನಲ್ಲಿ ನಲುಗಿತು. ಮುಖದ ಹತ್ತಿರ ತರುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಮೊದಲು ನಿಂಬೆ ಸಿಪ್ಪೆ. ಹಿಂದಿನಿಂದ ಸಿಹಿ.

ನಾನು ಸೋಪು ಅಂದುಕೊಂಡಿದ್ದು.

ಅಲ್ಲೇ ನಿಂತೆ. ಕಾಲ ಕೆಳಗೆ ಅವಳು ಒಂಬತ್ತು ತಿಂಗಳು ನಿಂತ ಜಾಗ. ಒಂದು ನಿಮಿಷ ಬರ್ರಿ ಇಲ್ಲಿ ಎಂದು ಅವಳು ಇಲ್ಲಿಂದಲೇ ಕರೆಯುತ್ತಿದ್ದಳು. ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ನಾನು ಬರದಿದ್ದಾಗ ಅದನ್ನೇ ಕೈಯಲ್ಲಿ ಹೊಸಕಿಕೊಂಡು ಒಳಗೆ ಬಂದು, ಟೀ ಲೋಟದ ಜೊತೆ ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಮೊಗ್ಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಹೊತ್ತಾತು ಬಾರಪ್ಪ, ಹೋಗಾಣ. ಮಣ್ಣು ಮುಟ್ಟೀಯ, ಕೈ ತೊಳ್ಕ," ಎಂದಳು ಅಮ್ಮ. ನಾನು ಕೈ ತೊಳೆಯಲಿಲ್ಲ.

ಹಳ್ಳಿಯಲ್ಲಿ ಅಣ್ಣನ ಹೊಲದ ಬದುವಿನಲ್ಲಿ ಅವಳ ಸಮಾಧಿ. ನೆಂಟರು, ಅವಳ ಶಾಲೆಯ ಮೇಷ್ಟ್ರುಗಳು ಎಲ್ಲ ಸೇರಿ ನಲವತ್ತು ಜನ ಇದ್ದರು. ಬಾಳೆಲೆ ಹಾಸಿ ಒಂದೊಂದೇ ಇಟ್ಟಾಯಿತು. ಕೊನೆಗೆ ಅಮ್ಮ ನನ್ನ ಕಡೆ ನೋಡಿದಳು. ನಾನು ಕೂತು, ಮುಷ್ಟಿ ಬಿಚ್ಚಿ ಮೊಗ್ಗನ್ನು ಎಲೆಯ ತುದಿಗೆ ಇಟ್ಟೆ. ಕಡಲೆಕಾಯಿ ಗಾತ್ರದ್ದು, ಬಾಡಿತ್ತು.

"ಇದೇನೋ ರಂಗ, ಇಷ್ಟೇನಾ?" ಅಮ್ಮ ಬಗ್ಗಿ ನೋಡಿದಳು. "ಕಾಣದೆ ಹೋಗಿದ್ದನ್ನ ಇಡ್ಬೇಕು ಕಣೋ. ಅರಳೇ ಇಲ್ವಲ್ಲ."

"ಅವಳು ಕಂಡಿದ್ಲಮ್ಮ," ಎಂದೆ. "ದಿನಾ ಕಂಡಿದ್ಲು. ಕಾಣದೆ ಇದ್ದೋನು ನಾನು."

ಅಮ್ಮನಿಗೆ ಅರ್ಥವಾಗಲಿಲ್ಲ. ಸುಪ್ರಿಯಾ ಪಕ್ಕಕ್ಕೆ ಬಂದು ನನ್ನನ್ನು ಎಬ್ಬಿಸಲೆಂದು ಕೈ ಹಿಡಿದಳು. ಹಿಡಿದವಳು ಹಾಗೇ ನಿಂತಳು. ನನ್ನ ಬೆರಳುಗಳನ್ನು ಮೆಲ್ಲಗೆ ಮೂಗಿನ ಹತ್ತಿರ ತಂದುಕೊಂಡಳು.

"ಅಮ್ಮನ ಕೈ," ಎಂದಳು.

ನಾನು ಅತ್ತೆ. ನಲವತ್ತು ಜನರ ಎದುರು, ಸಮಾಧಿಯ ಮಣ್ಣಿಗೆ ಮಂಡಿಯೂರಿ, ಒಂದು ವರ್ಷದ್ದೆಲ್ಲ ಸೇರಿಸಿ ಅತ್ತೆ. ಕಣ್ಣೊರೆಸಿಕೊಳ್ಳಲು ಆ ಕೈ ಬೇಕಿತ್ತು. ಮಗಳು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.